ನಮ್ಮ ಗೈಡ್ ಸಾಹೇಬರ ಕಾಲಿಗೆ ಎಷ್ಟು ಪರ್ಸೆಂಟು?

ನಮ್ಮ ಯಜಮಾನರನ್ನು ಕರೆದುಕೊಂಡು ಸರ್ಕಾರಿ ಕೆಲಸಕ್ಕೆ ಹೊರಟರೆ ಸುಮ್ಮನೆ ಹೋಗಿ ಸುಮ್ಮನೆ ಬಂದದ್ದೇ ಇಲ್ಲ. ಏನಾದರೊಂದು ಆಗಿಯೇ ತೀರುತ್ತದೆ.

ಅವರು ಹಂಪಿಯಲ್ಲಿ ಗೈಡು. ನನ್ನದು ಕಡ್ಡಿರಾಂಪುರದ ರಸ್ತೆ ಬದಿಯಲ್ಲಿ ಮಿರ್ಚಿ ಅಂಗಡಿ. ಪೋಲಿಯೋದಿಂದ ಅವರ ಎಡಗಾಲು ಚಿಕ್ಕಂದಿನಿಂದಲೂ ಸಣ್ಣ. ಇಷ್ಟು ವರ್ಷ ಭಾರ ಹೊತ್ತ ಬಲಗಾಲಿನ ಮಂಡಿ ಈಗ ಸವೆದು ಕೂತಿದೆ. ಆಪರೇಷನ್ ಆಗಲೇಬೇಕು. ಡಾಕ್ಟರು ನಲವತ್ತು ಪರ್ಸೆಂಟಿಗೆ ಕಡಿಮೆ ಇಲ್ಲದಂತೆ ಅಂಗವಿಕಲತೆ ಬರೆದುಕೊಟ್ಟರೆ ಖರ್ಚು ಸರ್ಕಾರದ್ದು. ಇಲ್ಲದಿದ್ದರೆ ಆಪರೇಷನ್ನೇ ಇಲ್ಲ.

ಫೋಟೋ

ಅರ್ಜಿಗೆ ಕಾಲು ಕಾಣುವ ಫೋಟೋ ಬೇಕೆಂದರು. ಹೊಸಪೇಟೆಯ ಸ್ಟುಡಿಯೋದಲ್ಲಿ ತೆಗೆಸಿದೆವು. ಸಂಜೆ ಹೋಗಿ ನೋಡಿದರೆ ಫೋಟೋದಲ್ಲಿ ಎರಡೂ ಕಾಲು ದಪ್ಪಗೆ, ಸಮಸಮ!

"ಈ ಕಾಲು ಯಾರದಪಾ?" ಎಂದು ಸ್ಟುಡಿಯೋ ಹುಡುಗನನ್ನು ಕೇಳಿದೆ.

"ಅವರದರೀ ಅಕ್ಕಾರ. ಕಂಪ್ಯೂಟರನ್ಯಾಗ ಬಲಗಾಲನ್ನ ತಿರುವಿ ಎಡಕ್ಕ ಕೂಡಿಸೀನಿ. ಅದಕ್ಕ ಬ್ಯಾರೆ ರೊಕ್ಕ ಬ್ಯಾಡ ಬಿಡ್ರಿ."

ಬೈದು ಬೇರೆ ತೆಗೆಸಿದೆ. ಯಜಮಾನರು ಮಾತ್ರ ಮೆಲ್ಲಗೆ, "ಇದೂ ಒಂದು ಕಾಪಿ ಇರ್ಲಿ, ಮನ್ಯಾಗ ಹಾಕೋಣು" ಎಂದರು.

ಹೆಸರು ಕೂಗಿದ್ದು

ಆಸ್ಪತ್ರೆಯಲ್ಲಿ ಸಂಡೂರು, ಕಂಪ್ಲಿ ಕಡೆಯವರೆಲ್ಲ ತುಂಬಿದ್ದರು. ಹೆಸರು ಕರೆಯುವ ಅಟೆಂಡರನ ದನಿ ಅವನಿಗೇ ಕೇಳುತ್ತಿರಲಿಲ್ಲ. ಜನ ಕಂಡರೆ ನಮ್ಮವರು ಸುಮ್ಮನಿರುವ ಪೈಕಿ ಅಲ್ಲ. ಎದ್ದು ಅವನ ಪಕ್ಕ ನಿಂತು, ಅವನು ಗೊಣಗಿದ್ದನ್ನೆಲ್ಲ ಬಾಯಿ ದೊಡ್ಡದು ಮಾಡಿ ಕೂಗತೊಡಗಿದರು. ಕೆಲಸ ಜಲ್ದಿ ಜಲ್ದಿ ಸಾಗಿತು.

ಒಂದು ಹೆಸರನ್ನು ಮೂರು ಸಲ ಕೂಗಿದರು. ಯಾರೂ ಏಳಲಿಲ್ಲ. "ಬಂದಿಲ್ಲ ಕಾಣ್ತೈತಿ. ಮುಂದಿನವರನ್ನ ಕರೀರಿ" ಎಂದರು.

ನಾನು ಓಡಿಹೋಗಿ ಅಂಗಿ ಹಿಡಿದೆ. "ರೀ, ಅದು ನೀವ ಅಲ್ಲೇನ್ರಿ!"

ಆಧಾರ್‌ನಲ್ಲಿರುವ ಹೆಸರಿನಿಂದ ಅವರನ್ನು ಯಾರೂ ಕರೆದದ್ದಿಲ್ಲ, ಊರಿಗೆಲ್ಲ ಅವರು ಗೈಡಣ್ಣ. "ಹೌದಲ್ಲ, ಎಲ್ಲೋ ಕೇಳಿದಂಗಿತ್ತು" ಎಂದರು.

ಬೆಟ್ಟ

ಒಳಗೆ ಡಾಕ್ಟರು ತಲೆಯೆತ್ತಿ ನೋಡಿ ಪೆನ್ನು ಕೆಳಗಿಟ್ಟರು. "ಹೋದ ತಿಂಗಳು ನನ್ನನ್ನ ಮಾತಂಗ ಬೆಟ್ಟ ಹತ್ತಿಸಿದವರು ನೀವೇ ಅಲ್ವಾ?"

"ಹೌದ್ರಿ ಸಾಹೇಬ್ರ," ಎಂದರು ಇವರು, ಹೆಮ್ಮೆಯಿಂದ.

"ನಾನು ಏದುಸಿರು ಬಿಡ್ತಿದ್ದೆ. ನೀವು ಕೋಲು ಊರಿಕೊಂಡು, ಅಲ್ಲಲ್ಲಿ ನಿಂತು, ಒಂದೊಂದು ಬಂಡೆದೂ ಕತೆ ಹೇಳ್ತಾ ಮೇಲಕ್ಕೆ ಬಂದ್ರಿ. ನಿಮಗೆ ನಲವತ್ತು ಹೇಗ್ರೀ ಬರೀಲಿ?"

ಆಪರೇಷನ್ ಕೈತಪ್ಪಿತು ಎಂದು ನನಗೆ ಅಳುವೇ ಬಂತು. ಯಜಮಾನರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ನೆಲ ನೋಡಿದರು.

"ಸಾಹೇಬ್ರ, ಆ ಬಂಡೆಗಳಿಗೆ ಕತಿ ಇಲ್ರಿ. ಕಾಲು ನೋಯ್ತಿತ್ತು, ಅದಕ್ಕ ನಿಂತೆ. ಸುಮ್ನ ನಿಂತ್ರ ನೀವು ಬ್ಯಾರೆ ಗೈಡ್ ನೋಡ್ಕೊಂತಿದ್ರಿ."

"ರಾಣಿಯ ಕಾಲುಂಗುರ ಬಿದ್ದ ಬಂಡೆ?"

"ಅಲ್ಲಿ ಮಂಡಿ ಹಿಡಕೊಂಡಿತ್ರಿ."

"ದೇವರು ಕೂತು ದಣಿವಾರಿಸಿಕೊಂಡ ಬಂಡೆ? ಅದರ ಕತೆ ಅರ್ಧ ಗಂಟೆ ಹೇಳಿದ್ರಲ್ರೀ!"

"ಅಲ್ಲಿ ಭಾಳ ನೋಯ್ತಿತ್ರಿ."

ಡಾಕ್ಟರು ಎದ್ದು ಬಂದು ಎರಡೂ ಕಾಲು ಅಳೆದರು, ಮಂಡಿ ಮಡಚಿಸಿ ನೋಡಿದರು. ಇವರು "ಅವ್ವಾ" ಎಂದರು. ಡಾಕ್ಟರು ಕೂತು ಬರೆದರು. ಇಣುಕಿದೆ. ನಲವತ್ತು ದಾಟಿತ್ತು! ನನ್ನ ಜೀವ ತಣ್ಣಗಾಯಿತು.

ಚೀಟಿ ಕೊಡುವಾಗ ಡಾಕ್ಟರು ದನಿ ತಗ್ಗಿಸಿದರು. "ಅಲ್ರೀ, ಆ ದೇವರು ಕೂತ ಬಂಡೆ ಫೋಟೋನ ನಮ್ಮ ಅತ್ತೆ ದೇವರ ಕೋಣೇಲಿಟ್ಟು ದಿನಾ ಹೂವು ಹಾಕ್ತಾರೆ. ಅವರಿಗೆ ಈಗ ಏನಂತ ಹೇಳಲಿ?"

"ಏನೂ ಹೇಳಬ್ಯಾಡ್ರಿ ಸಾಹೇಬ್ರ," ಎಂದರು ನಮ್ಮವರು. "ಅಲ್ಲಿ ನಾನು ಒಬ್ಬರನ್ನೂ ಬಿಡದಂಗ ಎಲ್ಲಾ ದೇವರನ್ನೂ ಕರದೀನಿ. ಯಾರಾದ್ರೂ ಬಂದ ಇರ್ತಾರ."