ರೇಟು ಏರಿತು, ಬಾಂಡು ಬಿತ್ತು

ನನ್ನ ಹೆಂಡತಿ ರೇಣುಕಾದೇವಿಗೆ ಬ್ಯಾಂಕೆಂದರೆ ಅಂಜಿಕೆ ಎಂದು ನಾನು ಮದುವೆಯಾದ ಲಾಗಾಯ್ತು ನಂಬಿಕೊಂಡಿದ್ದೆ. ಇಲ್ಲಿ ಯಲಬುರ್ಗಾದಲ್ಲಿ ಇಬ್ಬರೂ ಕೂಡಿ ಬ್ಯಾಂಕಿಗೆ ಹೋದಾಗಲೆಲ್ಲ ಅವಳು ಒಳಗೆ ಕಾಲಿಡದೆ ಹೊರಗೇ, ಚಪ್ಪಲಿ ಹೊಲಿಯುವವನ ಛತ್ರಿಯ ನೆರಳಿಗೆ ನಿಂತುಬಿಡುತ್ತಿದ್ದಳು. ಪಾಪ, ಗಾಜಿನ ಬಾಗಿಲು ಕಂಡರೆ ಎದೆ ಹೊಡೆದುಕೊಳ್ಳುತ್ತದೆ ಎಂದು ನಾಲ್ಕು ಮಂದಿಯ ಮುಂದೆ ಮರುಗಿದ್ದೂ ಉಂಟು. ಒಮ್ಮೆ ಅವಳ ಮುಂದೆಯೇ ಮರುಗಿದೆ.

“ಅಂಜಿಕಿ ಅಲ್ರೀ,” ಅಂದಳು. “ಒಳಗ ನೀವು ಕೌಂಟರಿನ್ಯಾಗ ಕುಂತವರಿಗೆ ದೇಶದ ಹಣಕಾಸು ತಿಳಿಸಿ ಹೇಳ್ತಿರ್ತೀರಿ. ಹಿಂದ ಪಾಳಿ ಹನುಮಪ್ಪನ ಬಾಲ ಆಗಿರ್ತೈತಿ. ಇಂಥವರ ಹೇಣ್ತಿ ಅಂತ ಗೊತ್ತಾಗಬಾರ್ದು ಅಂತ ಹೊರಗ ನಿಲ್ತೀನಿ.”

ನನ್ನ ಹೆಸರು ಗ್ಯಾನಪ್ಪ. ಸರಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕ. (ದರ್ಜೆ ಪ್ರಥಮ, ಸಹಾಯ ಯಾರಿಗೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ.) ಹೆಸರಿನಲ್ಲೇ ಜ್ಞಾನವಿರುವಾಗ ಅದನ್ನು ಮುಚ್ಚಿಟ್ಟುಕೊಳ್ಳುವುದು ಸಮಾಜಕ್ಕೆ ಬಗೆಯುವ ದ್ರೋಹ ಎಂಬುದು ನನ್ನ ನಿಲುವು.

ಎರಡು ಸಾವಿರದ ಇಪ್ಪತ್ತೆರಡರ ಬೇಸಿಗೆಯಲ್ಲಿ ರೇಣುಕಾಳಿಗೆ ಗಿಣಿಗೇರಾದ ತವರಿನ ಹೊಲ ಮಾರಿದ ರೊಕ್ಕದ ಪಾಲು ಬಂತು. ಅವಳು ಖಡಕ್ ರೊಟ್ಟಿ ಬಡಿಯುವುದರಲ್ಲಿ ಎತ್ತಿದ ಕೈ. ಆದರೆ ಅವಳ ರೊಟ್ಟಿ ಮಾರಾಟವಾಗುವುದು ಮಂದಿಯ ಅಂಗಡಿಯಲ್ಲಿ, ಮಂದಿಯ ಹೆಸರಿನಲ್ಲಿ. ತನ್ನದೇ ಅಂಗಡಿ, ಅದರ ಮೇಲೆ ತನ್ನದೇ ಹೆಸರಿನ ಫಲಕ, ಇದು ಅವಳ ಬಹುದಿನದ ಆಸೆ.

“ಬಸ್ ಸ್ಟ್ಯಾಂಡ್ ಬಾಜೂಕ ಒಂದು ಮಳಿಗಿ ದೀಪಾವಳಿಗೆ ಖಾಲಿ ಆಗ್ತೈತಿ. ಮುಂಗಡ ಕೊಟ್ಟು ಹಿಡೀಬೇಕು,” ಎಂದು ನನ್ನ ಕೈಯಲ್ಲಿ ರೊಕ್ಕ ಇಟ್ಟಳು. “ಅಲ್ಲೀತನ ನಿಮ್ಮ ಕಡೆ ಇರ್ಲಿ. ಕಳೀಬ್ಯಾಡ್ರಿ. ಬೆಳಸಾಕೂ ಹೋಗಬ್ಯಾಡ್ರಿ.”

ಬೆಳೆಸಬೇಡಿ ಎಂದರೆ ಗ್ಯಾನಪ್ಪ ಸುಮ್ಮನಿರುವ ಆಸಾಮಿಯೇ? ಅದೇ ವಾರ ಟೀವಿಯಲ್ಲಿ, ಇನ್ನು ಬಡ್ಡಿ ದರ ಏರಲಿದೆ ಎಂದು ಯಾರೋ ಪಂಡಿತರು ಹೇಳಿದರು. ಕೂಡಲೇ ಗಂಗಾವತಿಯಲ್ಲಿ ಭತ್ತದ ವ್ಯಾಪಾರ ಮಾಡುವ ಗೆಳೆಯ ತಿರುಮಲೇಶನಿಗೆ ಫೋನು ಹಚ್ಚಿದೆ.

“ತಿರುಮಲೇಶ, ರೇಟು ಏರೋ ಹೊತ್ತಿನ್ಯಾಗ ಶ್ಯಾಣ್ಯಾ ಆದವ ಏನ ಮಾಡ್ಬೇಕು?”

“ಇದೇನ ಕೇಳ್ತಿ ಅಣ್ಣಾ. ಈಗ ತೊಗೊಂಡು ಹಿಡದಿಡಬೇಕು. ಎಷ್ಟು ದಿನ ಹಿಡದಿಡ್ತಿ ಅಷ್ಟು ಲಾಭ.”

ಅವನ ತಲೆಯಲ್ಲಿ ಇದ್ದದ್ದು ಸೋನಾಮಸೂರಿ. ನನ್ನ ತಲೆಯಲ್ಲಿ ಇದ್ದದ್ದು ಸರಕಾರಿ ಬಾಂಡು. ಹಿಡಿದಿಡುವುದಾದರೆ ಉದ್ದದ್ದನ್ನೇ ಹಿಡಿಯೋಣ ಎಂದು ಮೊಬೈಲಿನಲ್ಲಿ ಮೂವತ್ತು ವರ್ಷದ್ದನ್ನು ಒತ್ತಿದೆ. ಅಂದು ನನ್ನ ನಡಿಗೆಯೇ ಬದಲಾಯಿತು. ಸರಕಾರ ನನಗೆ ಸಂಬಳ ಕೊಡುತ್ತದೆ, ನಾನು ಸರಕಾರಕ್ಕೆ ಸಾಲ ಕೊಟ್ಟಿದ್ದೇನೆ. ಇನ್ನು ತಹಸೀಲ್ದಾರರು ನನ್ನನ್ನು ಕಂಡು ಎದ್ದು ನಿಂತರೆ ಅಡ್ಡಿಯಿಲ್ಲ ಅನ್ನಿಸಿತು. (ಅವರು ನಿಲ್ಲಲಿಲ್ಲ.)

ಮನೆಯಲ್ಲಿ ಸುದ್ದಿ ಹೇಳಿದೆ. ನಮ್ಮವ್ವ ಹೊಳಿಯಮ್ಮನಿಗೆ ಬಾಂಡೆಂದರೆ ಕಚೇರಿಯ ಮುಂದೆ ಮೆಹಬೂಬಸಾಬ ಮಾರುವ ಛಾಪಾ ಕಾಗದ, ಅಷ್ಟೇ.

“ಯಾರ ಕೂಡ ಬಾಂಡ್ ಬರಕೊಂಡ್ಯೋ ತಮ್ಮಾ?”

“ಸರಕಾರದ ಕೂಡ, ಅವ್ವಾ.”

“ಸಾಕ್ಷಿಗೆ ಯಾರ್ಯಾರು ಇದ್ರು?”

ರೇಣುಕಾ ಮಾತ್ರ ಹಿಟ್ಟು ನಾದುತ್ತ, “ದೀಪಾವಳಿ ನೆನಪಿರ್ಲಿ,” ಅಂದಳು.

ಟೀವಿಯ ಪಂಡಿತರು ಹೇಳಿದಂತೆಯೇ ಆಯಿತು. ರೇಟು ಏರಿತು, ಮತ್ತೆ ಏರಿತು. ಏರಿದಾಗೊಮ್ಮೆ ನಾನು ಕಚೇರಿಗೆಲ್ಲ ಚಹಾ ಕುಡಿಸಿದೆ. ಮಹಾನವಮಿ ಮುಗಿದ ಮೇಲೆ ಬಾಂಡು ಮಾರೋಣವೆಂದು ಮೊಬೈಲು ತೆರೆದರೆ, ಅದರ ಬೆಲೆ ನಾನು ಹಾಕಿದ್ದಕ್ಕಿಂತ ಕೆಳಗೆ ಕೂತಿದೆ. ಆ ಬೆಲೆಗೂ ಕೊಳ್ಳುವವರು ಕಾಣಿಸಲಿಲ್ಲ. ಬ್ಯಾಂಕಿಗೆ ಓಡಿದೆ. ಕೌಂಟರಿನಲ್ಲಿದ್ದ ಮೇಘಾ ಎಂಬ ಹುಡುಗಿಗೆ ಅಂದು ಭಾಷಣ ಮಾಡಲಿಲ್ಲ, ಅಹವಾಲು ಹೇಳಿಕೊಂಡೆ.

“ಸರ್, ಇದು ಭತ್ತ ಅಲ್ರೀ,” ಅಂದಳು. “ಬಡ್ಡಿ ರೇಟು ಮ್ಯಾಲ ಹೋದ್ರ ಹಳೇ ಬಾಂಡಿನ ಬೆಲಿ ಕೆಳಗ ಬರ್ತೈತಿ. ಹೊಸಾವು ಜಾಸ್ತಿ ಬಡ್ಡಿ ಕೊಡೋವಾಗ ನಿಮ್ಮ ಕಡಿಮಿ ಬಡ್ಡೀದನ್ನ ಪೂರಾ ಬೆಲಿಗೆ ಯಾರ ತೊಗೊಂತಾರ್ರೀ?”

“ಹಂಗಾರ ರೊಕ್ಕ ಮುಳುಗಿತೇನವಾ?”

“ಮುಳುಗಿಲ್ರೀ. ಆರು ತಿಂಗಳಿಗೊಮ್ಮೆ ಬಡ್ಡಿ ಬರ್ತೈತಿ. ಮೂವತ್ತು ವರ್ಷದ ಮುದ್ದತು ಮುಗಿಯೂತನ ಇಟ್ಕೊಂಡ್ರ ಅಸಲೂ ಪೂರಾ ಬರ್ತೈತಿ. ನಡಕ ಮಾರಿದ್ರಷ್ಟ ಲುಕ್ಸಾನ.”

ಮುದ್ದತು ಮುಗಿಯುವಾಗ ನನಗೆ ಎಂಬತ್ತು ದಾಟಿರುತ್ತದೆ. ಆಗ ಅಂಗಡಿ ತೆರೆದರೂ ಖಡಕ್ ರೊಟ್ಟಿಯನ್ನು ನಾನು ನೋಡಬಹುದೇ ಹೊರತು ಕಡಿಯಲಾರೆ.

“ಜಲ್ದಿ ಬೇಕಾಗೋ ರೊಕ್ಕ ಸಣ್ಣ ಸಣ್ಣ ಮುದ್ದತಿಗೆ ತುಂಡು ಮಾಡಿ ಠೇವಣಿ ಇಡ್ಬೇಕಿತ್ರೀ,” ಎಂದು ಮೇಘಾ ಸಮಾಧಾನ ಹೇಳಿದಳು. “ಒಂದೊಂದು ತುಂಡು ಮುಗಿದಂಗ ತಿರುಗಿ ಹೊಸ ರೇಟಿಗೆ ಇಡ್ತಿದ್ರಿ. ನಿಚ್ಚಣಿಕಿ ಅಂತಾರದಕ್ಕ.”

ನಿಚ್ಚಣಿಕೆ ಇಲ್ಲದೆಯೇ ಅಟ್ಟದಿಂದ ಇಳಿದವನಂತೆ ಮನೆಗೆ ಬಂದೆ. ಅಂಗಳದಲ್ಲಿ ರೇಣುಕಾ ರೊಟ್ಟಿ ಒಣಹಾಕುತ್ತಿದ್ದಳು. ಅವಳ ಮುಖ ನೋಡದೆ ಹೇಳಿದೆ: “ರೇಣುಕಾ, ಬಾಂಡು ಬಿದ್ದೈತಿ.”

“ಎಲ್ಲಿ ಬಿದ್ದೈತೋ?” ಎಂದು ನಮ್ಮವ್ವ ಒಳಗಿನಿಂದ ಕೂಗಿದಳು. “ಟ್ರಂಕಿನ ಹಿಂದ ನೋಡು. ಹಾರಿ ಹೋಗಿದ್ರ ಮೆಹಬೂಬಸಾಬ ಇನ್ನೊಂದು ಕೊಡ್ತಾನ.”

ನಾನು ಎಲ್ಲವನ್ನೂ ಹೇಳಿದೆ. ಮಳಿಗೆ ಕೈ ತಪ್ಪಿತು, ಫಲಕವೂ ಹೋಯಿತು, ನನ್ನದೇ ತಪ್ಪು ಎಂದೆ. ಅವಳು ಕೊನೆಯ ರೊಟ್ಟಿಯನ್ನು ಬಿಸಿಲಿಗೆ ಸರಿಸಿ ಎದ್ದಳು.

“ಮಳಿಗಿ ಮುಂಗಡ ಹೋದ ಸೋಮವಾರನ ಕೊಟ್ಟೀನಿ. ಫಲಕ ಬರಸಾಕೂ ಹೇಳೀನಿ.”

“ಯಾವ ರೊಕ್ಕದ್ಲೇ?”

“ನಿಮ್ಮ ಕೈಯಾಗ ಕೊಟ್ಟಿದ್ದು ನಾಕರಾಗ ಒಂದು ಪಾಲು. ರೊಟ್ಟಿ ಬಡಿಯೋವಾಗ ಕೂಸಿಗೆ ಆಡಾಕ ಒಂದು ಉಂಡಿ ಹಿಟ್ಟು ಕೊಟ್ಟು ಕುಂದ್ರಸ್ತೀವಲ್ಲ, ಹಂಗ. ಇಲ್ಲಂದ್ರ ಉಳಿದ ಹಿಟ್ಟಿಗೂ ಕೈ ಹಾಕ್ತಿದ್ರಿ.”

“ಉಳಿದ ಮೂರು?”

“ಒಂದು ಕುಷ್ಟಗಿ ಬ್ಯಾಂಕಿನ್ಯಾಗ, ಒಂದು ಕೊಪ್ಪಳದಾಗ, ಒಂದು ನಮ್ಮಕ್ಕನೂರು ಹನುಮಸಾಗರದಾಗ ಇಟ್ಟಿದ್ದೆ. ಎಲ್ಲಾ ಒಂದ ದಿನ ಮುಗಿದ್ರ ಒಮ್ಮಿಗೇ ಬಾಚಿಕೊಂಡು ಹೋಗ್ತೀರಿ ಅಂತ ಬ್ಯಾರೆ ಬ್ಯಾರೆ ತಿಂಗಳಿಗೆ ಹಾಕಿದ್ದೆ. ಮುಗಿದಾಗೊಮ್ಮೆ ಬಸ್ ಹತ್ತಿ ಹೋಗಿ ತಿರುಗಿ ಇಟ್ಟು ಬಂದೆ. ಒಂದೊಂದು ಸಲ ಬಡ್ಡಿ ಒಂಚೂರು ಜಾಸ್ತಿನ ಕೊಟ್ರು. ಕಡೀಕ ಮುಗಿದದ್ದನ್ನ ತೆಗೆದು ಮುಂಗಡ ಕೊಟ್ಟೆ. ನಿಮ್ಮ ಬಾಂಡು ನಡೀಲಿ ಬಿಡ್ರಿ, ಅದರ ಬಡ್ಡಿ ಅಂಗಡಿ ಗ್ಯಾಸಿಗೆ ಆಗ್ತೈತಿ.”

ಪಂಡಿತರು ನಿಚ್ಚಣಿಕೆ ಎನ್ನುವ ಮಹಾಶಾಸ್ತ್ರವನ್ನು ಈಕೆ ಗಂಡನ ಮೇಲಿನ ಅಪನಂಬಿಕೆಯೊಂದರಿಂದಲೇ ಕಟ್ಟಿ ನಿಲ್ಲಿಸಿದ್ದಳು. ಅಂಗಡಿ ಉಳಿದ ಖುಷಿಗೆ ನನ್ನ ಕಣ್ಣು ತುಂಬಿದ್ದು ನಿಜ. ಆದರೂ ಪ್ರಥಮ ದರ್ಜೆಯ ಜೀವ, ತಿಳಿದುಕೊಳ್ಳದೆ ಹೇಗಿದ್ದೀತು?

“ಅಲ್ಲ ರೇಣುಕಾ, ರೇಟು ಏರ್ತೈತಿ ಅಂತ ನಿನಗ ಮೊದಲ ಹೆಂಗ ಗೊತ್ತಾತು?”

“ರೇಟಿಂದು ನನಗೇನ ಗೊತ್ತಿರ್ತೈತ್ರೀ. ನಿಮ್ಮದು ಗೊತ್ತಿತ್ತು.”