ಗುಂಡಮ್ಮನ ಧನುರ್ಮಾಸ

ಅರವತ್ತು ದಾಟಿದ ಮೇಲೆ ಮನುಷ್ಯನಿಗೆ ನಾಚಿಕೆ ತಾನಾಗಿಯೇ ಕಡಿಮೆಯಾಗುತ್ತದೆ ಎಂದು ನಾನು ನಂಬಿದ್ದೆ. ಪಂಚೆ ಎತ್ತಿ ಕಟ್ಟಿಕೊಂಡೇ ಹಾಲಿನ ಬೂತಿಗೆ ಹೋಗಿ ಬರುತ್ತೇವೆ. ಮದುವೆ ಊಟದಲ್ಲಿ ಆ ಸಾಲಿಗೆ ಹೋಗುತ್ತಿರುವ ಹೋಳಿಗೆಯವನನ್ನು ಕೂಗಿ ಈ ಸಾಲಿಗೆ ಕರೆಯುತ್ತೇವೆ. ಪಾರ್ಕಿನಲ್ಲಿ ಪರಿಚಯವಾದ ಐದನೇ ನಿಮಿಷಕ್ಕೆ ಎದುರಿನವರ ಹೊಟ್ಟೆಯ ಆಪರೇಷನ್ ವಿವರ ಕೇಳುತ್ತೇವೆ. ಇಷ್ಟೆಲ್ಲ ಮಾಡಿಯೂ ತಲೆ ಎತ್ತಿಕೊಂಡೇ ಓಡಾಡುತ್ತಿದ್ದ ನಾನು, ಈಗ ನನ್ನ ಮನೆಯ ಮೆಟ್ಟಿಲನ್ನು ತಲೆ ತಗ್ಗಿಸಿಕೊಂಡು ಇಳಿಯುತ್ತೇನೆ. ಕಾರಣ ಒಂದು ಬೆಕ್ಕು, ಮತ್ತು ನಾನು ಆಡಿದ ಒಂದೇ ಒಂದು ಮಾತು.

ಬೆಕ್ಕಿನ ಹೆಸರು ಗುಂಡಮ್ಮ. ಬನಶಂಕರಿಯ ನಮ್ಮ ಮನೆಗೆ ಅಂಗೈಯಗಲದ ಮರಿಯಾಗಿ ಬಂದು, ಹತ್ತು ವರ್ಷ ಮೊಸರನ್ನ ತಿಂದು, ಹೆಸರಿಗೆ ತಕ್ಕ ಹಾಗೆ ಬೆಳೆದಳು. ನಮ್ಮದು ಚಾತುರ್ಮಾಸದಲ್ಲಿ ಈರುಳ್ಳಿಯನ್ನೂ ಗೇಟಿನಾಚೆ ನಿಲ್ಲಿಸುವ ಮನೆ. ಅಂಥ ಮನೆಗೆ ಸೇರಿದ ಬೆಕ್ಕು ಇಲಿಯನ್ನು ಕಂಡರೆ ಮುಖ ತಿರುಗಿಸಿಕೊಂಡು ಕೂರುತ್ತಿದ್ದುದು ನನಗೆ ಬಹಳ ಹೆಮ್ಮೆಯ ವಿಷಯವಾಗಿತ್ತು. ಬಂದವರಿಗೆಲ್ಲ "ನಮ್ಮ ಗುಂಡಮ್ಮ ಪ್ಯೂರ್ ವೆಜ್" ಎಂದು ಹೇಳಿಕೊಳ್ಳುತ್ತಿದ್ದೆ. ಪೂರ್ವಜನ್ಮದಲ್ಲಿ ಯಾವುದೋ ಮಠದ ಅಡುಗೆಯವಳಾಗಿದ್ದಿರಬೇಕು ಎಂದು ನನ್ನ ಹೆಂಡತಿ ವಿಮಲ ಸೇರಿಸುತ್ತಿದ್ದಳು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಗುಂಡಮ್ಮ ಇಳಿಯತೊಡಗಿದಳು. ಬಟ್ಟಲುಗಟ್ಟಲೆ ನೀರು ಕುಡಿಯುವುದು, ಕುಡಿದದ್ದನ್ನೆಲ್ಲ ನನ್ನ ಹಳೆಯ ಚಪ್ಪಲಿಗಳ ಮೇಲೆ ಹೊಯ್ಯುವುದು. ಬುಟ್ಟಿಯಲ್ಲಿ ಕೂರಿಸಿ ಆಟೋ ಹಿಡಿದು ಜರಗನಹಳ್ಳಿಯ ಕಡೆ ಇರುವ ಪ್ರಾಣಿಗಳ ಡಾಕ್ಟರ ಬಳಿ ಹೋದೆವು. ಡಾಕ್ಟರು ಮಗಳ ವಯಸ್ಸಿನ ಹೆಣ್ಣುಮಗಳು. ರಕ್ತ ಪರೀಕ್ಷೆ ಮಾಡಿ, "ಸಾರ್, ಶುಗರ್ ಇದೆ. ಊಟಕ್ಕೆ ಏನ್ ಕೊಡ್ತೀರಾ?" ಎಂದರು.

"ಮೊಸರನ್ನ," ಎಂದೆ ಅಭಿಮಾನದಿಂದ.

"ಹತ್ತು ವರ್ಷಾನೂ ಮೊಸರನ್ನಾನಾ?"

ಅವರ ಮುಖ ನೋಡಿ ಏನೋ ತಪ್ಪಾಗಿದೆ ಅನ್ನಿಸಿ, "ಉಪ್ಪಿನಕಾಯಿ ಹಾಕಲ್ಲ ಮೇಡಂ," ಎಂದು ಸಮಜಾಯಿಷಿ ಕೊಟ್ಟೆ.

ಬೆಕ್ಕಿಗೆ ಬೇಕಾದದ್ದು ಮಾಂಸ, ಅನ್ನವಲ್ಲ ಎಂದು ಅವರು ಸಾವಧಾನವಾಗಿ ತಿಳಿಸಿಕೊಟ್ಟರು. ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನದ ಮೇಷ್ಟ್ರಾಗಿದ್ದವನು. ಇನ್ಸುಲಿನ್ ಎಂದರೇನು ಎಂಬ ಎರಡು ಅಂಕದ ಪ್ರಶ್ನೆಗೆ ಸಾವಿರಾರು ಮಕ್ಕಳಿಂದ ಉತ್ತರ ಬರೆಸಿದ್ದೇನೆ. ಅಷ್ಟೇ ಏಕೆ, ನನಗೂ ಎಂಟು ವರ್ಷದಿಂದ ಅದೇ ಕಾಯಿಲೆಯಿದೆ. ಆದರೂ ಬೆಕ್ಕಿನ ಹಲ್ಲನ್ನು ನೋಡಿ ಅದರ ಊಟ ಯಾವುದೆಂದು ಊಹಿಸಲು ನನಗಾಗಿರಲಿಲ್ಲ. ಆ ದಿನದ ನಾಚಿಕೆ ಮೊದಲ ಕಂತು. ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುವ ಅಗತ್ಯ ಇರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಒಂದು, ರಾತ್ರಿ ಎಂಟಕ್ಕೆ ಒಂದು ಇಂಜೆಕ್ಷನ್ ಎಂದು ನಿಗದಿಯಾಯಿತು. ಕಿವಿಯ ತುದಿಗೆ ಚುಚ್ಚಿ ಮೀಟರಿನಲ್ಲಿ ಶುಗರ್ ನೋಡಿ ಡೈರಿಯಲ್ಲಿ ಬರೆಯುವುದು ವಿಮಲಳ ಕೆಲಸ, ಸೂಜಿ ಹಾಕುವುದು ವಿಜ್ಞಾನದ ಮೇಷ್ಟ್ರ ಕೆಲಸ. ಮೊದಲ ದಿನದ ಔಷಧ ಪೂರ್ತಿ ಗುಂಡಮ್ಮನನ್ನು ಸುತ್ತಿ ಹಿಡಿದಿದ್ದ ಟವೆಲ್ಲಿಗೆ ಹೋಯಿತು. ಆ ಟವೆಲ್ಲಿಗೆ ಇನ್ನು ಈ ಜನ್ಮದಲ್ಲಿ ಸಕ್ಕರೆ ಕಾಯಿಲೆ ಬರುವುದಿಲ್ಲ. ವಾರದೊಳಗೆ ಕೈ ಪಳಗಿತು. ಸಂಜೆಯ ಆರತಕ್ಷತೆಗಳಿಗೆಲ್ಲ "ಬೆಕ್ಕಿಗೆ ಇಂಜೆಕ್ಷನ್ ಇದೆ, ಬರಕ್ಕಾಗಲ್ಲ" ಎಂದು ಹೇಳಿ ನೆಂಟರ ಬಾಯಿಗೆ ಒಳ್ಳೆಯ ಆಹಾರ ಒದಗಿಸಿದೆವು. ಇನ್ನು ಗುಂಡಮ್ಮನ ಆಹಾರ. ಕೋಳಿಮಾಂಸದ ಡಬ್ಬಿ ನಮ್ಮ ಮನೆಗೆ ಬಂದ ದಿನ ವಿಮಲ ದೇವರ ಕೋಣೆಯ ಬಾಗಿಲು ಹಾಕಿ, ಡಬ್ಬಿಗೆ ಬಾಲ್ಕನಿಯಲ್ಲಿ ಒಂದು ಮೂಲೆ, ಒಂದು ಚಮಚ, ಒಂದು ತೂಕದ ಯಂತ್ರ ಕೊಟ್ಟಳು. ಆಮೇಲೆ ಮೂಗಿಗೆ ಸೆರಗು ಒತ್ತಿಕೊಂಡು, ಒಂದು ದಿನವೂ ತಪ್ಪಿಸದೆ, ಗ್ರಾಂ ಲೆಕ್ಕದಲ್ಲಿ ಅವಳೇ ಬಡಿಸಿದಳು. ನನ್ನ ಹೆಂಡತಿಯ ಭಕ್ತಿ ಎಂಥದ್ದೆಂದು ನನಗೆ ಗೊತ್ತಾದದ್ದು ಅಲ್ಲಿ, ಬಾಲ್ಕನಿಯಲ್ಲಿ.

ನವೆಂಬರಿನ ಹೊತ್ತಿಗೆ ಒಂದು ಯೂನಿಟ್ಟಿಗೆ ಶುಗರ್ ಹಿಡಿತಕ್ಕೆ ಬಂತು. ಡಾಕ್ಟರು ಫೋನಿನಲ್ಲಿ "ಸೂಪರ್ ಮೇಡಂ" ಎಂದರು. ಆಮೇಲೆ ಧನುರ್ಮಾಸ ಬಂತು.

ಧನುರ್ಮಾಸದಲ್ಲಿ ಬೆಳಕು ಹರಿಯುವ ಮುಂಚೆ ದೇವಸ್ಥಾನಕ್ಕೆ ಹೋಗುವುದು ನನ್ನ ಹಳೆಯ ಪದ್ಧತಿ. ಭಕ್ತಿಯಿಂದ ಎಂದು ಎಲ್ಲರೂ ತಿಳಿದಿದ್ದಾರೆ. ಭಕ್ತಿಯೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಆ ತಿಂಗಳು ಪೂರ್ತಿ ಅಲ್ಲಿ ಬಿಸಿಬಿಸಿ ಸಿಹಿ ಪೊಂಗಲ್ ಕೊಡುತ್ತಾರೆ. ತುಪ್ಪ ದೊನ್ನೆಯ ತಳದಿಂದ ತೊಟ್ಟಿಕ್ಕುತ್ತಿರುತ್ತದೆ. ಮನೆಯಲ್ಲಿ ನನ್ನ ಕಾಫಿಗೂ ಸಕ್ಕರೆ ಇಲ್ಲ. ಆದರೆ ಇದು ತಿಂಡಿಯಲ್ಲ, ಪ್ರಸಾದ. ಪ್ರಸಾದ ಬೇಡವೆನ್ನಬಾರದು ಎಂದು ನನಗೆ ಹೇಳಿಕೊಟ್ಟವರು ನನ್ನ ತಾಯಿ. ಅವರು ಹೇಳಿಕೊಟ್ಟ ಬೇರೆ ಯಾವುದನ್ನೂ ನಾನು ಇಷ್ಟು ನಿಷ್ಠೆಯಿಂದ ಪಾಲಿಸಿಲ್ಲ. ದೊನ್ನೆಯನ್ನು ಶಾಲಿನೊಳಗೆ ಇಟ್ಟುಕೊಂಡು ಬಂದು, ನೇರವಾಗಿ ತಾರಸಿಗೆ ಹೋಗಿ, ನೀರಿನ ಟ್ಯಾಂಕಿನ ಹಿಂದೆ ಕುಳಿತು ತಿನ್ನುತ್ತಿದ್ದೆ. ಕೆಳಗೆ ಬಂದರೆ ವಿಮಲ, "ಸೂರ್ಯ ನಮಸ್ಕಾರ ಆಯ್ತಾ?" ಎನ್ನುತ್ತಿದ್ದಳು.

ಎರಡನೇ ದಿನವೇ ಗುಂಡಮ್ಮ ಟ್ಯಾಂಕಿನ ಹಿಂದಕ್ಕೆ ಬಂದಳು. ತುಪ್ಪದ ವಾಸನೆಗೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ಬಾಯಿ ಮುಚ್ಚಿಸಲು ಒಂದು ಚೂರು ಕೊಟ್ಟೆ. ಲಂಚ ಎಂದೇ ಒಪ್ಪಿಕೊಳ್ಳುತ್ತೇನೆ. ಮಾರನೆಯ ದಿನ ಎರಡು ಚೂರು. ಆಮೇಲೆ ಲಂಚದ ಜಾಗಕ್ಕೆ ಕನಿಕರ ಬಂತು. ನನ್ನ ಹಾಗೆಯೇ ಪಥ್ಯದವಳು, ನನ್ನ ಹಾಗೆಯೇ ತೂಕ ಮಾಡಿ ಬಡಿಸಿಕೊಳ್ಳುವವಳು, ದೊನ್ನೆ ನೆಕ್ಕುತ್ತಾ ಕಣ್ಣು ಮುಚ್ಚುತ್ತಿದ್ದಳು. ಚಳಿಯಲ್ಲಿ ನಾವಿಬ್ಬರೂ ಅರ್ಧರ್ಧ ಹಂಚಿಕೊಂಡು ತಿನ್ನುತ್ತಿದ್ದೆವು. ನಿಜ ಹೇಳಬೇಕೆಂದರೆ, ಅಷ್ಟು ಸುಖವಾಗಿ ನಾನು ಯಾರ ಜೊತೆಯೂ ಊಟ ಮಾಡಿಲ್ಲ.

ಎಂಟು ಗಂಟೆಗೆ ವಿಮಲ ಕಿವಿ ಚುಚ್ಚಿದರೆ ಮೀಟರು ಎಲ್ಲೋ ಮೇಲೆ ತೋರಿಸುತ್ತಿತ್ತು. ಡಾಕ್ಟರು ಫೋನಿನಲ್ಲಿ, "ಬೇರೆ ಏನಾದ್ರೂ ತಿಂತಿದಾಳಾ ಸಾರ್?" ಎಂದು ಕೇಳಿದರು. "ಛೆ ಛೆ" ಎಂದೆ. ಒಂದು ಯೂನಿಟ್ ಒಂದೂವರೆಯಾಯಿತು. ಹತ್ತು ದಿನ ಬಿಟ್ಟು ಎರಡಾಯಿತು. ಸೂಜಿಗೆ ಅಷ್ಟಷ್ಟು ಹೆಚ್ಚಿಗೆ ಔಷಧ ಎಳೆಯುತ್ತಿದ್ದುದು ಇದೇ ಕೈ.

ಒಂದು ದಿನ ವಿಮಲ ಗುಂಡಮ್ಮನ ಮೀಸೆ ಮುಟ್ಟಿ ನೋಡಿ, "ರೀ, ಇಲ್ಲಿ ಬೆಲ್ಲದ ಅಂಟಿದೆ" ಎಂದಳು. ನಾನು ಪೇಪರಿನಲ್ಲಿ ಮುಖ ಹುದುಗಿಸಿದೆ. "ಯಾರೋ ಇವಳಿಗೆ ಸಿಹಿ ತಿನ್ನಿಸ್ತಿದಾರೆ. ಕೆಳಗಡೆ ಶೈಲಾನೇ ಇರಬೇಕು, ಅಲ್ವಾ?"

ಶೈಲಾ ನಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗಿರುವ ಹುಡುಗಿ. ಹುಬ್ಬಳ್ಳಿಯವಳು, ಬಿಟಿಎಂ ಕಡೆ ಯಾವುದೋ ಆಫೀಸು, ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ. ಗುಂಡಮ್ಮನೆಂದರೆ ಪ್ರಾಣ. ಗುಂಡಮ್ಮ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದುದೇ ಅವಳ ಕಂಪ್ಯೂಟರಿನ ಪಕ್ಕ. ವಿಮಲ ಕೇಳಿದಾಗ ನಾನು ಹೇಳಬಹುದಾಗಿದ್ದ ಮಾತುಗಳು ನೂರು ಇದ್ದವು. ಪೇಪರು ಮಡಿಸದೆ ನಾನು ಹೇಳಿದ್ದು:

"ಇರಬಹುದು."

ಅಷ್ಟೇ. ಒಂದು ಮಾತು. ಆರೋಪವೂ ಅಲ್ಲ, ಸುಳ್ಳೂ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಮೇಷ್ಟ್ರ "ಇರಬಹುದು" ವಿಮಲಳಿಗೆ ತೀರ್ಪು. ಮಧ್ಯಾಹ್ನ ಅವಳು ಒಂದು ರಟ್ಟು ತಂದು, "ನಿಮ್ಮ ಅಕ್ಷರ ಚೆನ್ನಾಗಿದೆ, ಬರೀರಿ" ಎಂದಳು. ನಾನು ದುಂಡಗೆ ಬರೆದೆ: "ದಯವಿಟ್ಟು ಬೆಕ್ಕಿಗೆ ಏನನ್ನೂ ತಿನ್ನಿಸಬೇಡಿ." ಮೆಟ್ಟಿಲಿನ ಬುಡದಲ್ಲಿ, ಶೈಲಾಳ ಬಾಗಿಲಿಗೆ ಸರಿಯಾಗಿ ಎದುರು, ಅದನ್ನು ಅಂಟಿಸಿದವನೂ ನಾನೇ.

ಸಂಜೆ ಶೈಲಾ ನನ್ನನ್ನು ಗೇಟಿನ ಹತ್ತಿರ ತಡೆದಳು. ಅವಳ ಕಣ್ಣು ಕೆಂಪಾಗಿತ್ತು. "ಅಂಕಲ್, ಖರೇ ಹೇಳ್ತೀನ್ರಿ, ನಾ ಏನೂ ಕೊಟ್ಟಿಲ್ಲ. ದೀಪಾವಳಿಗೆ ಒಂದು ಚೂರು ಕರದಂಟು ಮುಂದ ಹಿಡದಿದ್ದೆ, ಮೂಸಿ ಬಿಟ್ಟಳು. ಅದಕ್ಕ ಹಿಂಗಾತೇನ್ರಿ?"

"ಹೋಗ್ಲಿ ಬಿಡಮ್ಮ," ಎಂದೆ. ದೊಡ್ಡ ಮನಸ್ಸಿನಿಂದ ಕ್ಷಮಿಸುವವನ ಹಾಗೆ! ಅದನ್ನು ನೆನೆಸಿಕೊಂಡರೆ ಈಗಲೂ ಮೈ ಹಿಡಿಯಾಗುತ್ತದೆ. ಅವತ್ತಿನಿಂದ ಆ ಹುಡುಗಿ ಬಾಗಿಲು ಹಾಕಿಕೊಂಡಳು. ಗುಂಡಮ್ಮ ಮಧ್ಯಾಹ್ನ ಹೋಗಿ ಬಾಗಿಲು ಕೆರೆದು ಕೆರೆದು ವಾಪಸು ಬರುತ್ತಿದ್ದಳು. ಸಂಕ್ರಾಂತಿಗೆ ಶೈಲಾ ಎಳ್ಳಿನ ಪೊಟ್ಟಣ ತಂದು ಕೊಟ್ಟು, ಕಾಲಿಗೆ ಉಜ್ಜುತ್ತಿದ್ದ ಗುಂಡಮ್ಮನನ್ನು ಮುಟ್ಟದೆ, ಎರಡೂ ಕೈ ಹಿಂದೆ ಕಟ್ಟಿಕೊಂಡು ಹೋದಳು.

ಸಂಕ್ರಾಂತಿಗೆ ಧನುರ್ಮಾಸ ಮುಗಿಯಿತು, ಪೊಂಗಲ್ಲೂ ನಿಂತಿತು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ತಪ್ಪು ತಾನಾಗಿಯೇ ಮುಗಿದಿದೆ, ಇನ್ನು ಯಾರಿಗೂ ಹೇಳುವ ಅಗತ್ಯವಿಲ್ಲ, ಶುಗರ್ ಇಳಿದರೆ ರಟ್ಟನ್ನೂ ಕಿತ್ತುಹಾಕಬಹುದು ಎಂದು ಲೆಕ್ಕ ಹಾಕಿದೆ. ಪೊಂಗಲ್ ನಿಂತರೂ ಎರಡು ಯೂನಿಟ್ ನಿಂತಿಲ್ಲ ಎನ್ನುವುದು ಮೂವತ್ತು ವರ್ಷ ವಿಜ್ಞಾನ ಹೇಳಿದವನ ತಲೆಗೆ ಹೊಳೆಯಲಿಲ್ಲ.

ಮೂರನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗುಂಡಮ್ಮ ನಡುಮನೆಯಲ್ಲಿ ನಡೆಯುತ್ತಾ ನಡೆಯುತ್ತಾ ಪಕ್ಕಕ್ಕೆ ವಾಲಿದಳು. ಏಳಲು ಹೋಗಿ ಹಿಂಗಾಲು ಜಾರಿ ಬಿದ್ದಳು. ಕಣ್ಣು ತೆರೆದೇ ಇತ್ತು, ಯಾರನ್ನೂ ನೋಡುತ್ತಿರಲಿಲ್ಲ. ವಿಮಲಳ ಕೂಗಿಗೆ ಶೈಲಾ ಎರಡೆರಡು ಮೆಟ್ಟಿಲು ಹಾರಿ ಬಂದಳು. ಅವಳ ತಾಯಿಗೂ ಸಕ್ಕರೆ ಕಾಯಿಲೆಯಂತೆ. ನೋಡಿದ ತಕ್ಷಣ, "ಶುಗರ್ ಲೋ ಆಗೇತ್ರಿ ಆಂಟಿ, ಜೇನತುಪ್ಪ ಕೊಡ್ರಿ ಲಗೂನ" ಎಂದು, ಗುಂಡಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು, ಬೆರಳಿನಲ್ಲಿ ಜೇನು ತೆಗೆದು ಒಸಡಿಗೆ ಸವರಿದಳು. ಸವರುವ ಮುಂಚೆ ಒಂದು ಕ್ಷಣ ತಡೆದು ವಿಮಲಳ ಮುಖ ನೋಡಿ, "ಕೊಡ್ಲೇನ್ರಿ?" ಎಂದು ಅಪ್ಪಣೆ ಕೇಳಿದಳು. ಅದನ್ನು ನೋಡಿ ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ವಿಮಲ ಕಿವಿ ಚುಚ್ಚಿದಳು. ಮೀಟರು ನಲವತ್ತು ಮುಟ್ಟಿರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆವು. "ಜೇನು ಹಚ್ಚುತ್ತಾ ಇರಿ, ಎದ್ದ ತಕ್ಷಣ ಕರ್ಕೊಂಡ್ ಬನ್ನಿ," ಎಂದು ಹೇಳಿ ಅವರು ಕೇಳಿದರು: "ಊಟದಲ್ಲಿ ಏನು ಬದಲಾಗಿದೆ? ಇದು ಗೊತ್ತಾಗಲೇಬೇಕು, ಇಲ್ಲಾಂದ್ರೆ ಡೋಸ್ ಹೇಳಕ್ಕಾಗಲ್ಲ."

"ಏನೂ ಬದಲಾಗಿಲ್ಲ ಡಾಕ್ಟ್ರೇ," ಎಂದು ವಿಮಲ ಅಳುತ್ತಾ ಹೇಳಿದಳು. "ನಾನೇ ತೂಕ ಮಾಡಿ ಹಾಕ್ತೀನಿ. ಒಂದ್ ಗ್ರಾಂ ಹೆಚ್ಚುಕಮ್ಮಿ ಇಲ್ಲ."

"ಸರಿಯಾಗಿ ನೆನಪು ಮಾಡ್ಕೊಳ್ಳಿ ಮೇಡಂ."

ಗುಂಡಮ್ಮನ ಬಾಲ ಶೈಲಾಳ ತೊಡೆಯಿಂದ ದಾರದ ಹಾಗೆ ಕೆಳಗೆ ಬಿದ್ದಿತ್ತು. ನಾನು ಫೋನಿನ ಹತ್ತಿರ ಹೋದೆ.

"ಡಾಕ್ಟ್ರೇ, ಧನುರ್ಮಾಸ ಮುಗೀತು."

"ಏನ್ ಸಾರ್?"

"ಪೊಂಗಲ್ ನಿಂತಿದೆ. ದಿನಾ ಬೆಳಿಗ್ಗೆ ಅರ್ಧ ದೊನ್ನೆ ಕೊಡ್ತಿದ್ದೆ. ಸಿಹಿದು. ನಾನೇ."

ಡಾಕ್ಟರು ಬಹಳ ಮರ್ಯಾದೆಯಿಂದ, "ಇನ್ನರ್ಧ ಯಾರು ತಿಂತಿದ್ರು ಸಾರ್?" ಎಂದರು.

ಹತ್ತು ನಿಮಿಷಕ್ಕೆ ಗುಂಡಮ್ಮ ತಲೆ ಎತ್ತಿದಳು. ಎತ್ತಿದ ತಕ್ಷಣ ಶೈಲಾಳ ಬೆರಳು ನೆಕ್ಕಿದಳು. ವಿಮಲ ನನ್ನನ್ನು ಬೈಯಲಿಲ್ಲ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಶೈಲಾಳ ಎರಡೂ ಕೈ ಹಿಡಿದುಕೊಂಡು, "ತಪ್ಪಾಯ್ತಮ್ಮ, ಮನಸ್ಸಿನಲ್ಲಿ ಇಟ್ಕೋಬೇಡ" ಎಂದಳು. ನನ್ನ ತಪ್ಪಿಗೆ ಅವಳು ಕ್ಷಮೆ ಕೇಳಿದ್ದು ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ನಾನೂ ಏನೋ ತೊದಲಿದೆ. ಶೈಲಾ ನನ್ನನ್ನು ನೋಡಿ ಮೆಲ್ಲಗೆ ಅಂದಳು: "ಒಂದು ಮಾತು ನನಗ ಹೇಳಬೇಕಿತ್ತಲ್ರಿ ಅಂಕಲ್. ಹದಿನೈದು ದಿನಾತ್ರಿ, ನಾನ ಅಕಿಗೆ ಜಡ್ಡು ತಂದೆ ಅಂತ ತಿಳಕೊಂಡು ನಿದ್ದಿ ಇಲ್ಲ ನನಗ."

ಡೋಸ್ ಮತ್ತೆ ಒಂದಕ್ಕೆ ಇಳಿಯಿತು. ಗುಂಡಮ್ಮ ಈಗ ಚೆನ್ನಾಗಿದ್ದಾಳೆ. ಡೈರಿಯಲ್ಲಿ ಅವಳ ಅಂಕಿಗಳ ಪಕ್ಕದಲ್ಲಿ ವಿಮಲ ಇನ್ನೊಂದು ಸಾಲು ಎಳೆದು ನನ್ನ ಶುಗರನ್ನೂ ಬರೆಯುತ್ತಾಳೆ. ಮಾತಾಡದೆ ಬೆರಳು ಚುಚ್ಚುತ್ತಾಳೆ. ಗುಂಡಮ್ಮನಿಗೆ ಚುಚ್ಚುವಾಗ ಮಾತ್ರ "ಆಯ್ತು ಕಂದ, ಆಯ್ತು" ಎನ್ನುತ್ತಾಳೆ. ಮೆಟ್ಟಿಲಿನ ಬುಡದ ರಟ್ಟನ್ನು ಕಿತ್ತುಹಾಕಲು ಹೋದೆ; ಬೇಡ, ತಿದ್ದಿ ಬರೀರಿ ಎಂದಳು. ನನ್ನ ದುಂಡನೆಯ ಅಕ್ಷರದಲ್ಲೇ ಬರೆದಿದ್ದೇನೆ: "ದಯವಿಟ್ಟು ಬೆಕ್ಕಿಗೂ ಮೇಷ್ಟ್ರಿಗೂ ಏನನ್ನೂ ತಿನ್ನಿಸಬೇಡಿ." ಕೊರಿಯರಿನವರು ಓದಿ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ.

ಮೊನ್ನೆ ಮತ್ತೆ ಧನುರ್ಮಾಸ ಶುರುವಾಯಿತು. ಮೊದಲ ದಿನ ದೇವಸ್ಥಾನಕ್ಕೆ ಹೋದೆ. ಅರ್ಚಕರು ತೀರ್ಥ ಕೊಟ್ಟು, ಒಂದು ತುಳಸಿ ದಳ ಕೈಗಿಟ್ಟು, "ನಿಮಗೆ ಇಷ್ಟೇ ಮೇಷ್ಟ್ರೇ, ಮನೆಯವರು ಬಂದು ಹೇಳಿ ಹೋಗಿದ್ದಾರೆ" ಎಂದರು. ಹಿಂದೆ ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಬರಿಗೈಯಲ್ಲಿ ಬಂದು, ಅಭ್ಯಾಸಬಲದಿಂದ ತಾರಸಿಗೆ ಹತ್ತಿ ಟ್ಯಾಂಕಿನ ಹಿಂದೆ ಕುಳಿತೆ. ಗುಂಡಮ್ಮ ಬಂದಳು. ನನ್ನ ಅಂಗೈ ಮೂಸಿದಳು, ಶಾಲಿನೊಳಗೆ ತಲೆ ತೂರಿಸಿ ನೋಡಿದಳು. ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಮೆಟ್ಟಿಲಿಳಿದು ಶೈಲಾಳ ಬಾಗಿಲು ಕೆರೆದಳು. ಬಾಗಿಲು ತೆರೆದ ಸದ್ದೂ, "ಬಾರವ್ವ ಗುಂಡಿ" ಎಂದದ್ದೂ ಮೇಲಕ್ಕೆ ಕೇಳಿಸಿತು. ಗುಂಡಮ್ಮ ನನ್ನ ಸ್ನೇಹಕ್ಕೆ ಬರುತ್ತಿದ್ದಾಳೆ ಎಂದು ನಾನು ತಿಳಿದಿದ್ದೆನಲ್ಲ ಎಂದು ನಗು ಬಂತು. ವಿಮಲಳೂ ಶೈಲಾಳೂ ನನ್ನ ಬಗ್ಗೆ ಹಾಗೆಯೇ ಏನೇನೋ ಒಳ್ಳೆಯದು ತಿಳಿದುಕೊಂಡಿದ್ದವರು ಎಂದು ಹೊಳೆದಾಗ ನಗು ನಿಂತಿತು. ತುಳಸಿ ದಳ ಬಾಯಿಗೆ ಹಾಕಿಕೊಂಡು, ಎಂಟು ಗಂಟೆಯಾಗುತ್ತಾ ಬಂದಿತ್ತೆಂದು, ಬೆರಳು ಚುಚ್ಚಿಸಿಕೊಳ್ಳಲು ಕೆಳಗಿಳಿದೆ.