ಷೋಕೇಸಿನೊಳಗಿನ ಚಾಕು

ಸೈನ್ಯದಿಂದ ನಿವೃತ್ತನಾಗಿ ಊರಿಗೆ ಬಂದವನನ್ನು ಜನ ಎರಡೇ ಪ್ರಶ್ನೆ ಕೇಳುತ್ತಾರೆ. ಕ್ಯಾಂಟೀನಿನ ಬಾಟಲಿ ಸಿಗುತ್ತದೆಯೇ ಎಂಬುದು ಒಂದು. ಎಷ್ಟು ಜನರನ್ನು ಹೊಡೆದೆ ಎಂಬುದು ಇನ್ನೊಂದು. ಮೊದಲನೆಯದನ್ನು ಗಂಡಸರು ಪಕ್ಕಕ್ಕೆ ಕರೆದು ಕೇಳುತ್ತಾರೆ, ಎರಡನೆಯದನ್ನು ಎಲ್ಲರೂ ಎಲ್ಲರೆದುರೇ ಕೇಳುತ್ತಾರೆ. ನಾನೀಗ ಆಂಧ್ರದ ಅಂಚಿನ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕಾರ್ಖಾನೆಯೊಂದರ ಗೇಟು ಕಾಯುತ್ತೇನೆ. ಕೆಲಸಕ್ಕೆ ಬರುವ ಹೆಂಗಸರು ಬುತ್ತಿಯ ಚೀಲ ತೆರೆದು ತೋರಿಸುತ್ತಲೇ, "ಸಾರ್, ಮಿಲಿಟ್ರಿಯಾಗ ಎಷ್ಟು ಮಂದಿಗೆ ಚಾಕು ಹಾಕೀರಿ?" ಎನ್ನುತ್ತಾರೆ. ಹಿಂದೆ ನಿಂತವಳು ಅದನ್ನೇ ತೆಲುಗಿನಲ್ಲಿ, "ಎಂತಮಂದಿನಿ ಪೊಡಿಚಿನಾವನ್ನಾ?" ಎನ್ನುತ್ತಾಳೆ. ನಮ್ಮೂರಿನಲ್ಲಿ ಯಾವ ಪ್ರಶ್ನೆಯಿಂದಲೂ ಎರಡೆರಡು ಭಾಷೆಯಲ್ಲಿ ತಪ್ಪಿಸಿಕೊಳ್ಳಬೇಕು. ನಾನು ಮೀಸೆಯ ಮೇಲೆ ಕೈಯಾಡಿಸಿ ನಕ್ಕು ಸುಮ್ಮನಾಗುತ್ತೇನೆ. ಹದಿನೇಳು ವರ್ಷಗಳಲ್ಲಿ ನನ್ನ ಚಾಕು ಕೊಯ್ದದ್ದು ಈರುಳ್ಳಿ, ಆಲೂಗಡ್ಡೆ, ಹಗ್ಗ, ಹಾಲಿನ ಡಬ್ಬಿ ಮತ್ತು ಒಮ್ಮೆ ನನ್ನದೇ ಹೆಬ್ಬೆರಳು ಎಂದು ಗೇಟಿನಲ್ಲಿ ನಿಂತು ಹೇಳಲು ಆಗುತ್ತದೆಯೇ?

ಸರ್ಕಾರ ನಮಗೆ ಚಾಕು ಕೊಡುವುದಿಲ್ಲವೆಂದಲ್ಲ. ಬಂದೂಕಿನ ತುದಿಗೆ ಸಿಕ್ಕಿಸುವ ಬಯೋನೆಟ್ಟು ಇರುತ್ತದೆ. ಅದರ ಜೊತೆಗೆ ಡಬ್ಬಿ ತೆರೆಯುವ ಕೊಕ್ಕೆಯಿರುವ ಮಡಚುವ ಚಾಕು. ಆದರೆ ಹತ್ತೊಂಬತ್ತು ವರ್ಷದ ಹುಡುಗನಿಗೆ ಮಡಚುವ ಚಾಕು ರುಚಿಸುತ್ತದೆಯೇ? ಮೊದಲ ಪೋಸ್ಟಿಂಗಿಗೆ ಹೊರಡುವ ಮುನ್ನ ದಂಡಿನ ಬಜಾರಿಗೆ ಹೋದೆ. ಅಂಗಡಿಯವನು ಒಂದು ಚಾಕುವನ್ನು ಮೊಳದುದ್ದದ ಒರೆಯಿಂದ ಎಳೆದು ತೋರಿಸಿದ. ಬೆನ್ನಿಗೆ ಗರಗಸದ ಹಲ್ಲು. ಹಿಡಿಕೆಯ ತುದಿಯಲ್ಲಿ ದಿಕ್ಸೂಚಿ. ಅದನ್ನು ತಿರುಗಿಸಿ ತೆಗೆದರೆ ಹಿಡಿಕೆಯೆಲ್ಲ ಪೊಳ್ಳು. ಒಳಗೆ ಬೆಂಕಿಪೊಟ್ಟಣ, ಸೂಜಿ, ದಾರ ಮತ್ತು ಮೀನಿನ ಗಾಳ. ನಮ್ಮದು ಮೊಟ್ಟೆಯೂ ಹೊಸ್ತಿಲು ದಾಟದ ಮನೆ. ಆದರೂ ಆ ಗಾಳ ಕಂಡ ಮೇಲೆ ಅದಿಲ್ಲದೆ ದೇಶ ಕಾಯುವುದು ಹೇಗೆಂದು ಅನ್ನಿಸಿಬಿಟ್ಟಿತು. ಕೊಂಡೇಬಿಟ್ಟೆ. ಮೊದಲ ದಿನದ ನಡಿಗೆಯಲ್ಲೇ ಅದು ಹೆಜ್ಜೆಗೊಮ್ಮೆ ತೊಡೆಗೆ ಬಡಿದು ಬಡಿದು, ಸಂಜೆಯ ಹೊತ್ತಿಗೆ ಅಷ್ಟುದ್ದ ಬಾವು ಬಂತು. ನಮ್ಮ ಉಸ್ತಾದರು, ಅಂದರೆ ಕಲಿಸುವ ಹವಾಲ್ದಾರರು, ನಾನು ಕುಂಟುವುದನ್ನು ನೋಡಿ, "ಅದನ್ನು ನೀನು ಹೊತ್ತಿದ್ದೀಯೋ, ಅದು ನಿನ್ನನ್ನು ಹೊತ್ತಿದೆಯೋ?" ಎಂದು ಹಿಂದಿಯಲ್ಲಿ ಕೇಳಿದರು.

ಆ ಉಸ್ತಾದರಿಗೆ ನನ್ನ ಮೇಲೆ ಹಳೆಯ ಕೋಪವೊಂದಿತ್ತು, ತಪ್ಪು ನನ್ನದೇ. ತರಬೇತಿಯ ಕಾಲದಲ್ಲಿ ಒಂದು ದಿನ ಅವರು ನೂರಾರು ಜನರೆದುರು ನನ್ನತ್ತ ಕೈಚಾಚಿ, "ಚಾಕು ಕೊಡು" ಎಂದರು. ನಮ್ಮ ಕಡೆ ಚಾಕು, ಕುಡುಗೋಲು, ಮೆಣಸಿನಕಾಯಿಗಳನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಹೆತ್ತವ್ವ ಕಲಿಸಿದ ಈ ಮರ್ಯಾದೆಯನ್ನು ಮರೆಯದೆ, ನಾನು ಬಗ್ಗಿ ಸರ್ಕಾರದ ಚಾಕುವನ್ನು ಅವರ ಬೂಟಿನ ಮುಂದೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಆಯುಧ ನೆಲಕ್ಕಿಟ್ಟು ಹಿಂದೆ ಸರಿಯುವುದೆಂದರೆ ಸೈನ್ಯದಲ್ಲಿ ಶರಣಾಗತಿ ಎಂದು ನನಗೆ ಹೊಳೆಯುವಷ್ಟರಲ್ಲಿ ಉಸ್ತಾದರ ಮುಖ ಕೆಂಪೇರಿತ್ತು. ಅವರ ಜೊತೆ ಜಗಳವಾಗದಿರಲಿ ಎಂದೇ ಹಾಗೆ ಮಾಡಿದೆನೆಂದು ವಿವರಿಸುವಷ್ಟು ಹಿಂದಿ ನನಗೆ ಬರುತ್ತಿರಲಿಲ್ಲ. ಅವತ್ತು ಮೈದಾನದ ಸುತ್ತ ಎಷ್ಟು ಉರುಳಿದೆನೆಂದರೆ, ಯಾವ ದೇವರಿಗೂ ನಾನು ಅಷ್ಟು ಉರುಳುಸೇವೆ ಮಾಡಿಲ್ಲ.

ಗರಗಸದ ಚಾಕು ನಾಲ್ಕನೆಯ ವರ್ಷ ಮುರಿಯಿತು. ಎತ್ತರದ ಠಾಣ್ಯವೊಂದಕ್ಕೆ ಅನಾನಸ್ ಡಬ್ಬಿಗಳ ಪೆಟ್ಟಿಗೆ ಬಂದಿತ್ತು. ಸಿಹಿ ತಿನ್ನುವ ಆತುರದಲ್ಲಿ ಅದರ ಹಲಗೆ ಮೀಟಲು ಹೋದೆ. ಅಲಗು ಹಲಗೆಯಲ್ಲೇ ಉಳಿಯಿತು, ಪೊಳ್ಳು ಹಿಡಿಕೆ ನನ್ನ ಕೈಯಲ್ಲಿ. ಎರಡು ತುಂಡನ್ನೂ ಕಟ್ಟಿಕೊಂಡು ರಜೆಗೆ ಬಂದಾಗ ನೆಂಟರೆಲ್ಲ ಕೂಡಿದ್ದರು. ಹೇಗೆ ಮುರಿಯಿತೆಂದು ಯಾರೋ ಕೇಳಿದರು. "ಒಂದು ಕಾರ್ಯಾಚರಣೆಯಲ್ಲಿ. ಹೆಚ್ಚಿಗೆ ಹೇಳುವಂತಿಲ್ಲ" ಎಂದೆ. ಇಷ್ಟೇ ನಾನು ಹೇಳಿದ ಸುಳ್ಳು. ಉಳಿದದ್ದನ್ನೆಲ್ಲ ನೆಂಟರೇ ಪೂರೈಸಿದರು. ಮಡಕಶಿರಾ ಕಡೆಯ ಹಳ್ಳಿಗೆ ಕೊಟ್ಟಿರುವ ನನ್ನ ತಂಗಿಯ ಮನೆ ಸೇರುವಷ್ಟರಲ್ಲಿ ಶತ್ರುಗಳು ಐದು ಜನ ಆಗಿದ್ದರು. ಮುರಿದ ಚಾಕು ಷೋಕೇಸಿನಲ್ಲಿ ಪದಕಗಳ ಪಕ್ಕದಲ್ಲಿ ಕುಳಿತಿತು. ಆಮೇಲೆ ಮದುವೆಯಾಗಿ ಬಂದ ಶಂಕ್ರಮ್ಮ ಪ್ರತಿ ವರ್ಷ ಆಯುಧಪೂಜೆಯ ದಿನ ಅದಕ್ಕೆ ವಿಭೂತಿ, ಕುಂಕುಮ ಹಚ್ಚುತ್ತ ಬಂದಳು.

ನಿಜವಾಗಿ ದುಡಿದ ಚಾಕುವೇ ಬೇರೆ. ಆ ರಜೆಯಲ್ಲಿ ನಮ್ಮವ್ವ ಬೊಮ್ಮನಹಾಳಿನ ಕಮ್ಮಾರನಿಗೆ ಹೇಳಿ, ಲಾರಿಯ ಹಳೆಯ ಕಮಾನು ಪಟ್ಟಿಯಿಂದ ನಾಲ್ಕು ಬೆರಳುದ್ದದ ಚಾಕು ಮಾಡಿಸಿಕೊಟ್ಟಳು. ಮರದ ಹಿಡಿಕೆ, ಎರಡು ಮೊಳೆ. ಷೋಕಿ ಏನೇನೂ ಇಲ್ಲ. ಮುಂದಿನ ಹದಿಮೂರು ವರ್ಷ ಅದು ನನ್ನ ಸೊಂಟದಲ್ಲಿತ್ತು, ಹಿಮದಲ್ಲೂ ಮೊಂಡಾಗಲಿಲ್ಲ. ಗರಗಸದ ಹಲ್ಲಿನವರು, ದಿಕ್ಸೂಚಿಯವರು ಎಲ್ಲರೂ ಹಗ್ಗ ಕೊಯ್ಯಲು ನನ್ನ ಹತ್ತಿರವೇ ಬರುತ್ತಿದ್ದರು. ನಿವೃತ್ತನಾಗಿ ಬಂದಾಗ ಅದು ಅಡುಗೆಮನೆ ಸೇರಿತು. ನಾಲ್ಕು ವರ್ಷದಿಂದ ಶಂಕ್ರಮ್ಮ ಅದರಲ್ಲೇ ಬದನೆಕಾಯಿ ಹೆಚ್ಚುತ್ತಾಳೆ, ಬೇರೆ ಯಾವ ಚಾಕುವೂ ಅವಳಿಗೆ ಒಗ್ಗುವುದಿಲ್ಲ.

ಹೀಗೆ ಎಲ್ಲ ಸುಸೂತ್ರವಾಗಿದ್ದಾಗ, ಹೋದ ತಿಂಗಳು ತಂಗಿಯ ಮಗಳು ಚಂದ್ರಕಲಾ ಬಂದಳು. ಅವಳೂ ಸೈನ್ಯ ಸೇರಿದ್ದಾಳೆ. ನನ್ನ ಷೋಕೇಸು ನೋಡಿಯೇ ಆ ಆಸೆ ಹುಟ್ಟಿತೆಂದು ಊರೆಲ್ಲ ಹೇಳಿಕೊಂಡು ತಿರುಗಿದ ಹುಡುಗಿ. ತರಬೇತಿ ಮುಗಿಸಿ ಮೊದಲ ರಜೆಗೆ ಬಂದಿದ್ದಳು, ಮುಂದಿನ ವಾರ ಗಡಿಯ ಕಡೆಗೆ ಪೋಸ್ಟಿಂಗು. ಚಹಾ ಕುಡಿದವಳೇ ಫೋನು ನನ್ನ ಮುಖದ ಮುಂದೆ ಹಿಡಿದಳು.

"ಮಾವ, ಅಲ್ಲಿಗೆ ಒಂದು ಚಾಕು ತಗಳಾನ ಅಂತ. ನೋಡು, ಥೇಟ್ ನಿಂದ್ರ ತರಾನೇ ಐತೆ. ಆರ್ಡರ್ ಒತ್ತಿಬಿಡ್ಲಾ?"

ನೋಡಿದೆ. ಅದೇ ಗರಗಸ, ಅದೇ ದಿಕ್ಸೂಚಿ, ಅದೇ ಪೊಳ್ಳು ಹಿಡಿಕೆ. ಗಾಳವನ್ನು ಬೇರೆ ದೊಡ್ಡದಾಗಿ ತೋರಿಸಿದ್ದರು. ನನಗೆ ನಿಜವಾಗಿ ಹೆದರಿಕೆಯಾಯಿತು. "ತಗೋ" ಎಂದರೆ ನನ್ನ ಹೆಸರು ಉಳಿಯುತ್ತದೆ. ಆದರೆ ಆ ಚಳಿಯಲ್ಲಿ, ಬೇಕಾದ ಹೊತ್ತಿಗೆ, ಈ ಹುಡುಗಿಯ ಕೈಯಲ್ಲಿ ಬರೀ ಹಿಡಿಕೆ ಉಳಿದರೆ? "ಬೇಡ" ಎಂದರೆ ಯಾಕೆಂದು ಕೇಳುತ್ತಾಳೆ. ಶತ್ರುವಿನೆದುರು ಹೇಗೋ ಗೊತ್ತಿಲ್ಲ, ಅವಳೆದುರು ನಾನು ಖಾಲಿ ಲೋಟವನ್ನೇ ಎತ್ತಿ ಚಹಾ ಕುಡಿದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಂಕ್ರಮ್ಮ, "ಹೇಳ್ರಿ, ಯಾಕ ಸುಮ್ನ ಕುಂತೀರಿ? ಕೂಸು ಕೇಳಕ ಹತ್ತೇತಿ" ಎಂದಳು.

"ಅದು ಬ್ಯಾಡವ್ವ" ಎಂದೆ. "ಹಿಡಿಕಿ ಪೊಳ್ಳು. ಮುರಿತೈತಿ."

"ನಿಂದು ಕಾರ್ಯಾಚರಣೇಲಿ ಅಲ್ವಾ ಮುರ್ದಿದ್ದು?"

"ಅನಾನಸ್ ಡಬ್ಬಿ ಪೆಟ್ಟಿಗಿ ಮೀಟಾಕ ಹೋಗಿ ಮುರೀತು."

ಚಂದ್ರಕಲಾ ನಗತೊಡಗಿದಳು, ನಕ್ಕು ನಕ್ಕು ಮಂಚದ ಮೇಲೆ ಉರುಳಿದಳು. "ಅಯ್ಯೋ ಮಾವ, ನಾನು ನಮ್ಮ ಬ್ಯಾರಕ್ಕಲ್ಲೆಲ್ಲ ಐದು ಜನ ಅಂತ ಹೇಳಿವ್ನಲ್ಲೋ!" ಎಂದು ಕಣ್ಣೊರೆಸಿಕೊಂಡಳು. ಶಂಕ್ರಮ್ಮ ಮಾತ್ರ ನಗಲಿಲ್ಲ. ಇಷ್ಟು ವರ್ಷ ಸುಳ್ಳಿಗೆ ಕುಂಕುಮ ಹಚ್ಚಿಸಿದ ಗಂಡನನ್ನು ಈಗ ಏನು ಮಾಡುತ್ತಾಳೋ ಎಂದು ನಾನು ತಲೆ ತಗ್ಗಿಸಿದೆ.

"ನನಗ ಗೊತ್ತೈತಿ ಬಿಡ್ರಿ" ಎಂದಳು. "ನಿಮ್ಮ ಜೋಡಿ ಇದ್ದ ಹಿಂದೂಪುರದಾಂವ ಊಟಕ್ಕ ಬಂದಾಗ ಹೇಳ್ಯಾನ. ಒಂಬತ್ತು ವರ್ಷಾತು."

"ಮತ್ತ ವರ್ಷಾ ವರ್ಷಾ ಪೂಜಿ ಯಾಕ ಮಾಡಿದಿ?"

"ಅದು ಮುರಿದ್ರೂ ನೀವು ಇದ್ದಂಗ ತಿರುಗಿ ಬಂದ್ರಲ್ಲ, ಅದಕ್ಕ."

ಅಷ್ಟು ಹೇಳಿ ಒಳಗೆ ಹೋದಳು. ಚಂದ್ರಕಲಾಳ ನಗು ನಿಂತಿತು. ಎಷ್ಟೋ ವರ್ಷ ಆ ಕುಂಕುಮ ನನ್ನ ಶೌರ್ಯಕ್ಕೆಂದು ತಿಳಿದು ಎದೆಯುಬ್ಬಿಸಿ ನಿಂತಿದ್ದೆನಲ್ಲ ಎಂದು ನಾಚಿಕೆಯಾಯಿತು, ಸಂತೋಷವೂ ಆಯಿತು. ಶಂಕ್ರಮ್ಮ ತಿರುಗಿ ಬಂದಾಗ ಅವಳ ಕೈಯಲ್ಲಿ ಬದನೆಕಾಯಿಯ ಚಾಕು ಇತ್ತು. ತೊಳೆದು, ಸೆರಗಿನಲ್ಲಿ ಒರೆಸಿ ತಂದಿದ್ದಳು. ಚಂದ್ರಕಲಾ ಕೈಚಾಚಿದರೂ ಕೊಡದೆ ನೆಲದ ಮೇಲೆ ಇಟ್ಟು, "ತಗೋ ಯವ್ವ. ಇದು ಮುರಿಯಂಗಿಲ್ಲ. ನೀನೂ ಹಂಗ ಬಾ" ಎಂದಳು. ಹುಡುಗಿ ಬಗ್ಗಿ ಎತ್ತಿಕೊಂಡಳು.

ಅವತ್ತಿನಿಂದ ನಮ್ಮ ಮನೆಯಲ್ಲಿ ಬದನೆಕಾಯಿಯ ಹೋಳು ಒಂದರಂತೆ ಒಂದಿಲ್ಲ. ಹೊಸ ಚಾಕು ತಂದುಕೊಟ್ಟರೆ ಶಂಕ್ರಮ್ಮ ಅದನ್ನು ಹಿಡಿದು ನೋಡಿ, ಪಕ್ಕಕ್ಕಿಟ್ಟು, ಬೇಳೆ ಸಾರು ಮಾಡುತ್ತಾಳೆ. ಮೊನ್ನೆ ಚಂದ್ರಕಲಾಳ ಫೋನು ಬಂತು.

"ಮಾವ, ಚಾಕು ಭಾಳ ಚೆನ್ನಾಗೈತೆ. ಎಲ್ರೂ ಅದನ್ನೇ ಕೇಳ್ಕೊಂಡು ಬತ್ತಾರೆ. ಇಲ್ಲಿ ಅದುಕ್ಕೆ ಒಂದು ಹೆಸರೂ ಬಿದ್ದೈತೆ!"

ಕಮಾನು ಪಟ್ಟಿಯ ಚಾಕುವಾದರೂ ನನ್ನ ಮಾನ ಕಾಯಿತಲ್ಲ ಎಂದು ಜೀವ ತಂಪಾಯಿತು. ಗಂಟಲು ಸರಿಪಡಿಸಿಕೊಂಡು, "ಏನಂತ?" ಎಂದೆ.

"ಅತ್ತೆ ಚಾಕು ಅಂತ. ಪಂಜಾಬಿನೋರೂ ಹಂಗೇ ಅಂತಾರೆ ಮಾವ, 'ಅತ್ತೆ ಚಾಕು ಲಾವೋ' ಅಂತ. ಎಲ್ಲಿ, ಅತ್ತೆಗೆ ಕೊಡು ಫೋನ. ಅವಳ್ತಾವ ಮಾತಾಡ್ಬೇಕು."

ಕೊಟ್ಟೆ. ಹದಿಮೂರು ವರ್ಷ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಹಿಮಾಲಯ ಹತ್ತಿದವನು ನಾನು. ಅವಳು ಬದನೆಕಾಯಿ ಹೆಚ್ಚಿದ್ದು ನಾಲ್ಕೇ ವರ್ಷ.